ಹಿತ್ತಿಲ ತೋಟ: ಬೇಲಿಯ ವಿಚಾರ

ಗಂಜಾಂನಿಂದ ವಾಚಕಿಯೊಬ್ಬರು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದಿರುವರು. ಅವರ ಮನೆಯ ಹಿಂದೆ ಐದಾರು ಗುಂಟೆಯ ಹಿತ್ತಿಲು. ಅದರಲ್ಲಿ ನಾಲ್ಕು ಅಂಜೂರದ ಗಿಡ, ಒಂದು ಸಾಲು ಬಾಳೆ, ಎರಡು ಸೀಬೆಮರ, ಕೆಲವು ತೆಂಗು, ಉಳಿದೆಡೆಯಲ್ಲಿ ಸೊಪ್ಪು, ಗೆಣಸು, ತರಕಾರಿ. ಹಗಲು ಕೋತಿ, ಮುಚ್ಚಂಜೆಯ ಮೇಲೆ ಬಾವಲಿ, ನಡುರಾತ್ರಿಯಲ್ಲಿ ಹಂದಿ ಮತ್ತು ಮುಳ್ಳುಹಂದಿ, ಹೀಗೆ ಸರದಿಯ ಮೇಲೆ ಬಂದು ತೋಟವನ್ನು ಸೂರೆಮಾಡುತ್ತಿರುವುವಂತೆ. ‘ನೆಟ್ಟು ನೀರೆರೆಯುವವರು ನಾವು, ಉಣ್ಣುವವರು ಅವು’ ಎಂದು ಆಕೆ ಹಲುಬಿರುವರು. ಕೊನೆಗೆ ಕೇಳಿರುವ ಪ್ರಶ್ನೆ ಇದು: ‘ಮನೆಯ ಕರೆಂಟನ್ನೇ ರಾತ್ರಿಯ ಹೊತ್ತು ಬೇಲಿಯ ತಂತಿಗೆ ಕೊಟ್ಟುಬಿಟ್ಟರೆ ಒಂದೇ ವಾರದಲ್ಲಿ ಎಲ್ಲವೂ ಸರಿಹೋಗುವುದೆಂದು ಪಕ್ಕದ ತೋಟದವರು ನಮ್ಮ ಯಜಮಾನರಿಗೆ ಹೇಳಿರುವರು. ಹಾಗೆ ಮಾಡಬಹುದೆ?’

ಕೂಡದು. ಉತ್ತರವನ್ನು ಮೊದಲಿಗೇ ಹೇಳಿಬಿಡುವೆವು. ಈ ಸಂಚಿಕೆ ಅವರ ಕೈಸೇರುವಷ್ಟರಲ್ಲಿ ತಂತಿಯನ್ನು ಎಳೆದುಬಿಟ್ಟಿದ್ದರೆ, ಮುಂದಿನ ಸಾಲನ್ನು ಓದುವುದಕ್ಕೆ ಮುಂಚೆ ಅದನ್ನು ಬಿಚ್ಚಿಸತಕ್ಕದ್ದು. ಕಾರಣವನ್ನು ಮುಂದೆ ವಿವರಿಸುವೆವು. ಆದರೆ ‘ಬೇಡ’ ಎಂದು ಹೇಳಿ ಕೈತೊಳೆದುಕೊಂಡರೆ ನ್ಯಾಯವಾಗದು. ವರುಷವೆಲ್ಲ ದುಡಿದ ಗೃಹಿಣಿಗೆ ನಾಲ್ಕು ಹಣ್ಣು ದಕ್ಕುವ ದಾರಿಯನ್ನೂ ಹೇಳಬೇಕಷ್ಟೆ.

ಗಂಜಾಂ ಎಂದರೆ ಅಂಜೂರವು ನೆನಪಿಗೆ ಬರುವ ಊರು. ಶ್ರೀರಂಗಪಟ್ಟಣದ ದ್ವೀಪದ ಮೂಡಲ ಭಾಗದಲ್ಲಿ, ಕಾವೇರಿಯ ಎರಡು ಕವಲುಗಳು ಮತ್ತೆ ಕೂಡುವ ಸಂಗಮಕ್ಕೆ ಹತ್ತಿರದಲ್ಲಿ ಇರುವ ಈ ಊರಿನ ಮಣ್ಣು ತೋಟಗಳಿಗೆ ಹೇಳಿಮಾಡಿಸಿದಂತಹುದು. ಗುಂಬಜಿನ ಸುತ್ತ ಇರುವ ಲಾಲ್‌ಬಾಗು ಟಿಪ್ಪುಸುಲ್ತಾನನ ಕಾಲದಲ್ಲಿ ಹೆಸರಾಂತ ತೋಟವಾಗಿದ್ದಿತು. ಆ ತೋಟವನ್ನು ಕೆಡಿಸಿದ್ದು ಕೋತಿಯೂ ಅಲ್ಲ, ಹಂದಿಯೂ ಅಲ್ಲ. 1792ರ ಮುತ್ತಿಗೆಯಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಅಲ್ಲಿ ಬೀಡುಬಿಟ್ಟು, ಅಲ್ಲಿನ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಉಪಯೋಗಿಸಿಕೊಂಡಿತು. ಪ್ರಾಣಿಗಳನ್ನು ದೂರುವಾಗ ಮನುಷ್ಯನ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದಕ್ಕೆ ಇದನ್ನು ಹೇಳಿದೆವು.

ಈಗಿನ ಸ್ಥಿತಿಯಲ್ಲಿಯೂ ನಮ್ಮ ಪಾಲು ಕಡಮೆಯಾದುದಲ್ಲ. ಅಂಜೂರವು ಅತ್ತಿ, ಆಲ, ಅರಳಿ, ಬಸರಿಗಳ ಕುಲಕ್ಕೆ ಸೇರಿದ ಗಿಡ. ಈ ಕುಲದ ಹಣ್ಣುಗಳು ಕೋತಿಗೂ ಬಾವಲಿಗೂ ಅನಾದಿಯಿಂದ ಬಂದ ಆಹಾರ. ದಾರಿಯ ಬದಿಯ ಆಲ, ಅತ್ತಿಗಳನ್ನು ನಾವು ಕಡಿಯುತ್ತ ಬಂದೆವು. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಅಗಲಿಸಿದಾಗಲೂ ಎಷ್ಟೋ ಸಾಲುಮರಗಳು ಉರುಳಿದುವು. ಅಲ್ಲಿ ಸಿಗದ ಹಣ್ಣನ್ನು ಅವು ನಮ್ಮ ಹಿತ್ತಿಲಲ್ಲಿ ಹುಡುಕುವುವು. ಇತ್ತ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯಾದ ಮೇಲೆ ಈ ಸೀಮೆಯಲ್ಲೆಲ್ಲ ಕಬ್ಬಿನ ಬೆಳೆ ಹಬ್ಬಿತು. ಆಳೆತ್ತರದ ಕಬ್ಬು ಹಂದಿಯ ಹಿಂಡಿಗೆ ಮನೆಯೂ ಹೌದು, ಊಟವೂ ಹೌದು. ಕಬ್ಬನ್ನು ಕಡಿದ ಮಾರನೆಯ ದಿನ ಆ ಹಿಂಡು ಬೇರೆ ಆಶ್ರಯವನ್ನು ಹುಡುಕಿ ಹೊರಡುವುದು ಸಹಜ. ನೆರೆಯಲ್ಲಿ ಕಬ್ಬು ಕಡಿಯುವ ಕಾಲವನ್ನು ತಿಳಿದುಕೊಂಡು ಆ ವಾರಗಳಲ್ಲಿ ಎಚ್ಚರವಾಗಿರುವುದು ಜಾಣತನ.

ತೋಟವನ್ನು ಕಾಯುವವರು ಮೊದಲು ಕಳ್ಳನ ಗುರುತು ಹಿಡಿಯಬೇಕು. ಎಲ್ಲಕ್ಕೂ ಒಂದೇ ಬೇಲಿಯನ್ನು ಹಾಕಿ, ಅದು ಫಲಿಸಲಿಲ್ಲವೆಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಕೊಂಬೆ ಮುರಿದು, ಅರೆಕಚ್ಚಿದ ಕಾಯಿಗಳು ಚೆಲ್ಲಾಡಿದ್ದರೆ ಅದು ಕೋತಿಯ ಕೆಲಸ. ಮರದಡಿಯಲ್ಲಿ ರಸ ಹೀರಿ ಉಗುಳಿದ ನಾರಿನ ಮುದ್ದೆಗಳು ಬಿದ್ದಿದ್ದರೆ ಬಾವಲಿ. ನೇಗಿಲು ಹೊಡೆದಂತೆ ಮಡಿಯುದ್ದಕ್ಕೂ ಮಣ್ಣು ಮಗುಚಿದ್ದರೆ ಹಂದಿ. ಅಲ್ಲಲ್ಲಿ ಗುಂಡಿ ತೋಡಿ ಗೆಡ್ಡೆಯನ್ನು ಮಾತ್ರ ತಿಂದು, ಎಳೆಯ ತೆಂಗಿನ ಬುಡದಲ್ಲಿ ಉಳಿಯಿಂದ ಕೆತ್ತಿದಂತೆ ಹಲ್ಲಿನ ಗುರುತು ಬಿಟ್ಟಿದ್ದರೆ ಮುಳ್ಳುಹಂದಿ. ಹುಡುಕಿದರೆ ಒಂದೆರಡು ಮುಳ್ಳುಗಳೂ ದೊರೆಯಬಹುದು. ತೆಂಗಿನ ಎಳೆಗಾಯಿಗಳು ತೊಟ್ಟಿನ ಬಳಿ ತೂತಾಗಿ ಉದುರಿದ್ದರೆ ಇಲಿ. ಸಸಿಗಳು ಕಿತ್ತು ಬಿದ್ದು, ಟೊಮೇಟೊ ಹಣ್ಣು ಕುಕ್ಕಿದಂತಿದ್ದರೆ ನವಿಲು. ಒಂದು ವಾರ ಬೆಳಗ್ಗೆ ಎದ್ದೊಡನೆ ಬೇಲಿಯ ಸುತ್ತ ನಡೆದು, ಎಲ್ಲಿ ನುಸುಳಿರುವುದು, ಏನನ್ನು ತಿಂದಿರುವುದು ಎಂಬುದನ್ನು ಗುರುತುಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆಯೆ.

ಮೊದಲು ಕೋತಿಯ ವಿಚಾರ. ಬೇಲಿಯಿಂದ ತಡೆಯಲಾಗದ ಪ್ರಾಣಿ ಇದೊಂದೆ. ಸುತ್ತಲೂ ಮೇಲೂ ತಂತಿಬಲೆಯನ್ನು ಹೊದಿಸಿದ ಪಂಜರದಂತಹ ಮನೆಯಲ್ಲಿ ಸೊಪ್ಪು ತರಕಾರಿಯನ್ನು ಬೆಳೆಯಬಹುದು. ಆದರೆ ಹಿತ್ತಿಲಿಗೆಲ್ಲ ಹಾಗೆ ಮಾಡಿಸುವ ಶಕ್ತಿ ಎಷ್ಟು ಜನರಿಗುಂಟು? ಆದುದರಿಂದ ಕೋತಿ ಏತಕ್ಕೆ ಬರುವುದೆಂಬುದನ್ನು ವಿಚಾರಿಸಬೇಕು. ಯಾತ್ರಾಸ್ಥಳಗಳ ಬಳಿ ವಾಸಿಸುವ ಕೋತಿಗಳು ಮನುಷ್ಯನ ಕೈಯನ್ನು ನೋಡಿ ಬದುಕುವುದನ್ನು ಕಲಿತಿರುವುವು. ಪುಣ್ಯವೆಂದು ಬಾಳೆಹಣ್ಣು, ಪುರಿ, ಬಿಸ್ಕತ್ತುಗಳನ್ನು ಎಸೆಯುವವರು ಸಂಜೆಗೆ ಬಸ್ಸು ಹತ್ತಿ ಹೋಗಿಬಿಡುವರು. ಅಭ್ಯಾಸ ಹತ್ತಿದ ಕೋತಿಗಳೊಡನೆ ಬಾಳಬೇಕಾದವರು ಊರಿನವರು. ಕೈಯಿಂದ ತಿಂದ ಕೋತಿಗೆ ಮನುಷ್ಯನ ಭಯ ಹೋಗುವುದು, ಸುಲಭವಾಗಿ ದೊರೆಯುವ ಆಹಾರದಿಂದ ಸಂತತಿಯೂ ಹೆಚ್ಚುವುದು. ‘ಕೋತಿ ತಾನು ಕೆಟ್ಟಿದ್ದಲ್ಲದೆ ವನವನ್ನೆಲ್ಲ ಕೆಡಿಸಿತು’ ಎಂಬ ಗಾದೆಯೇನೋ ಉಂಟು. ಇಲ್ಲಿ ಕೋತಿಯನ್ನು ಕೆಡಿಸಿದವರು ನಾವು ಎಂದು ಹೇಳುವುದಕ್ಕೆ ಅಡ್ಡಿಯಿಲ್ಲ. ಮನೆಯವರು ಮಾಡತಕ್ಕ ಮೊದಲನೆಯ ಕೆಲಸವೆಂದರೆ ಕೋತಿಗೆ ಕೈಯಾರೆ ಏನನ್ನೂ ಕೊಡದಿರುವುದು. ಎಂಜಲು, ಹಣ್ಣಿನ ಸಿಪ್ಪೆಗಳನ್ನು ಬಯಲಿಗೆ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚುವುದು. ಅಡುಗೆಮನೆಯ ಕಿಟಕಿಗೆ ಬಲೆ ಹಾಕಿಸುವುದು.

ಎರಡನೆಯದು ಕೊಯ್ಲಿನ ಕ್ರಮ. ಬಾಳೆ, ಸಪೋಟ, ಮಾವು, ಸೀತಾಫಲ, ಪರಂಗಿ ಇವು ಮರದ ಮೇಲೆಯೇ ಹಣ್ಣಾಗಬೇಕಾದುದಿಲ್ಲ. ಬಲಿತೊಡನೆ ಕೊಯ್ದು ಒಣಹುಲ್ಲಿನಲ್ಲಿಯೋ ಗೋಣಿಯಲ್ಲಿಯೋ ಮುಚ್ಚಿಟ್ಟರೆ ಮನೆಯೊಳಗೆ ಚೆನ್ನಾಗಿ ಹಣ್ಣಾಗುವುವು. ಮರದಲ್ಲಿ ಹಣ್ಣಿನ ಬಣ್ಣವೂ ವಾಸನೆಯೂ ಕಾಣದಿದ್ದರೆ ಕರೆಯೋಲೆಯೇ ಇಲ್ಲದಂತಾಯಿತು. ಆದರೆ ಅಂಜೂರ, ದಾಳಿಂಬೆ, ದ್ರಾಕ್ಷಿಗಳ ಸ್ವಭಾವ ಹಾಗಲ್ಲ. ಕಾಯಿಯಾಗಿ ಕಿತ್ತ ಅಂಜೂರ ಸರಿಯಾಗಿ ಹಣ್ಣಾಗದು, ಗಿಡದಲ್ಲಿಯೇ ಮಾಗಬೇಕು. ಆದುದರಿಂದ ಗಂಜಾಂನ ಅಂಜೂರಕ್ಕೆ ಚೀಲವೇ ಕಾವಲು. ಗಿಡವನ್ನು ಪ್ರತಿ ವರ್ಷವೂ ಸವರಿ ಆಳೆತ್ತರಕ್ಕೆ ನಿಲ್ಲಿಸಿಕೊಂಡರೆ ನೆಲದ ಮೇಲೆ ನಿಂತೇ ಒಂದೊಂದು ಕಾಯಿಗೂ ಹಳೆಯ ಪಂಚೆಯ ಬಟ್ಟೆಯಿಂದ ಹೊಲಿದ ಪುಟ್ಟ ಚೀಲವನ್ನು ಕಟ್ಟಬಹುದು. ಬಾಯಿಗೆ ದಾರವನ್ನು ಕಟ್ಟಿದರೆ ಸಾಕು, ತೊಟ್ಟನ್ನು ಬಿಗಿಯಬಾರದು. ಈ ಕೆಲಸ ಮಾಡುವಾಗ ಗಿಡದ ಹಾಲು ಚರ್ಮಕ್ಕೆ ಉರಿಯುಂಟುಮಾಡುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳುವುದು ಲೇಸು. ಬಟ್ಟೆಯ ಚೀಲವು ಹಕ್ಕಿ, ಬಾವಲಿ, ಅಳಿಲುಗಳ ಕಣ್ಣಿನಿಂದ ಹಣ್ಣನ್ನು ಮರೆಮಾಡುವುದು. ಕೋತಿ ಬುದ್ಧಿವಂತ ಪ್ರಾಣಿ, ಚೀಲವನ್ನು ಹರಿಯುವುದೂ ಉಂಟು. ಆದರೂ ಬಣ್ಣ ಕಾಣದ ಹಣ್ಣಿಗೆ ನಷ್ಟ ಕಡಮೆಯೆ. ಬಣ್ಣ ತಿರುಗಿದ ಹಣ್ಣನ್ನು ದಿನವೂ ಬೆಳಗ್ಗೆ, ಹಿಂಡು ಬರುವುದಕ್ಕೆ ಮುಂಚೆ, ಬಿಡಿಸಿಕೊಳ್ಳತಕ್ಕದ್ದು.

ಮೂರನೆಯದು ಬೆಳೆಯ ಆಯ್ಕೆ. ಬೇಲಿಯ ಅಂಚಿಗೆ ಸೀಬೆ, ಬಾಳೆಗಳನ್ನಿಟ್ಟರೆ ದಾರಿಹೋಕನಿಗೆ ಬಾಗಿಲಲ್ಲಿ ಎಲೆ ಹಾಕಿದಂತಾಗುವುದು. ಅರಿಸಿನ, ಶುಂಠಿ, ಮೆಣಸಿನಕಾಯಿ, ಹೆರಳೆ, ನಿಂಬೆ, ಹಾಗಲ, ಪುದೀನ ಇವುಗಳನ್ನು ಕೋತಿ ಸಾಮಾನ್ಯವಾಗಿ ಮುಟ್ಟದು. ಹೊರಸುತ್ತಿಗೆ ಇವು, ಮನೆಯ ಗೋಡೆಯ ಬಳಿಗೆ ಹಣ್ಣು, ಹೀಗೆ ತೋಟವನ್ನು ಅಣಿಮಾಡಿಕೊಂಡರೆ ಮನೆಯವರ ಓಡಾಟವೇ ಕಾವಲಾಗುವುದು. ಕೋತಿಗಳನ್ನು ಹಿಡಿಸಿ ದೂರದ ಊರಿಗೆ ಬಿಟ್ಟುಬರುವೆವೆಂದು ಹೇಳಿಕೊಂಡು ಹಣ ಕೇಳುವವರನ್ನು ನಂಬಬಾರದು. ಸರ್ಕಾರದ ಅಪ್ಪಣೆಯಿಲ್ಲದೆ ಹಾಗೆ ಹಿಡಿಯುವುದು ಅಪರಾಧ. ಅಲ್ಲದೆ ನಮ್ಮ ಕಷ್ಟವನ್ನು ಇನ್ನೊಬ್ಬರ ಹಿತ್ತಿಲಿಗೆ ಸಾಗಿಸಿದಂತಾಗುವುದು. ತೆರವಾದ ಜಾಗಕ್ಕೆ ಮತ್ತೊಂದು ಹಿಂಡು ಬಂದು ಸೇರುವುದು.

ಬಾವಲಿಗಳ ಮಾತು ಬೇರೆ. ಗಂಜಾಂಗೆ ಕೆಲವೇ ಮೈಲಿ ಪಶ್ಚಿಮದಲ್ಲಿರುವ ರಂಗನತಿಟ್ಟಿನಲ್ಲಿ ದೊಡ್ಡ ಹಣ್ಣುಬಾವಲಿಗಳ ನೆಲೆಯಿದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ ಮೈಸೂರು ಸಂಸ್ಥಾನವು ಅದನ್ನು ಪಕ್ಷಿಧಾಮವೆಂದು ಸಾರಿತು. ಒಂದು ರಾತ್ರಿಯಲ್ಲಿ ಹಲವು ಮೈಲಿ ಹಾರಬಲ್ಲ ಬಾವಲಿಗೆ ನಮ್ಮ ಅಂಜೂರವು ದೂರವಲ್ಲ. ಆದರೆ ಬೂರುಗ, ಹಿಪ್ಪೆ ಮುಂತಾದ ಮರಗಳ ಹೂವಿಗೆ ಪರಾಗವನ್ನು ಒಯ್ಯುವುದೂ, ಆಲ ಅತ್ತಿಗಳ ಬೀಜವನ್ನು ಬಿತ್ತುವುದೂ ಅವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣುಬಾವಲಿಯನ್ನು ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿದ್ದಿತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಹೋಯಿತು. ಬಾವಲಿಯಿಂದ ಹಣ್ಣನ್ನು ಉಳಿಸಲು ಬಲೆ ಹಾಕುವವರು ಒಂದು ಮಾತನ್ನು ಮರೆಯಬಾರದು. ತೆಳುವಾದ ನೈಲಾನ್ ಬಲೆಯನ್ನು ಸಡಿಲವಾಗಿ ಹೊದಿಸಿದರೆ ಬಾವಲಿ, ಹಕ್ಕಿ, ಹಾವುಗಳೆಲ್ಲ ಅದರಲ್ಲಿ ಸಿಕ್ಕಿ ನರಳಿ ಸಾಯುವುವು. ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ, ಬಿಳಿಯ ಬಣ್ಣದ ಬಲೆಯನ್ನು ಗಳುಗಳ ಮೇಲೆ ಬಿಗಿಯಾಗಿ ಎಳೆದು ಕಟ್ಟಬೇಕು. ಬಾವಲಿ ಕಚ್ಚಿದ ಹಣ್ಣನ್ನು, ಎಷ್ಟು ಸಣ್ಣ ಗಾಯವಾದರೂ, ಮಕ್ಕಳಿಗೆ ಕೊಡಕೂಡದು. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಫಾ ರೋಗದ ವೈರಾಣು ಹಣ್ಣುಬಾವಲಿಗಳಲ್ಲಿ ನೆಲೆಸಿರತಕ್ಕದ್ದು. ಭಯಪಡಬೇಕಾದುದಿಲ್ಲ, ಕಚ್ಚಿದ್ದನ್ನು ಹೂಳಿ, ಉಳಿದುದನ್ನು ಚೆನ್ನಾಗಿ ತೊಳೆದು ತಿಂದರಾಯಿತು.

ಹಂದಿ, ಮುಳ್ಳುಹಂದಿಗಳು ನೆಲದ ಮೇಲೆ ಬರುವುವಾದುದರಿಂದ ಬೇಲಿಗೆ ಬಗ್ಗುವುವು. ಆದರೆ ಬೇಲಿಯ ಬಲವು ಎತ್ತರದಲ್ಲಿಲ್ಲ, ಬುಡದಲ್ಲಿದೆ. ಆರಡಿ ಎತ್ತರದ ಬೇಲಿಯ ಅಡಿಯಲ್ಲಿ ಒಂದು ಗೇಣು ಸಂದಿದ್ದರೆ ಹಂದಿ ಮೂತಿಯಿಟ್ಟು ಎತ್ತಿಬಿಡುವುದು. ಮೂರು ಮೂರೂವರೆ ಅಡಿಯ ಗಟ್ಟಿ ತಂತಿಬಲೆಯನ್ನು ಕಲ್ಲುಕಂಬಗಳಿಗೆ ಬಿಗಿದು, ಅದರ ಕೆಳಗಿನ ಒಂದಡಿಯನ್ನು ಮಣ್ಣಿನಲ್ಲಿ ಹೂಳಿ, ಮೇಲೆ ಕಲ್ಲು ಜೋಡಿಸಿದರೆ ಎರಡು ಪ್ರಾಣಿಗಳಿಗೂ ತಡೆಯಾಗುವುದು. ಇಷ್ಟು ಖರ್ಚು ಮಾಡಲಾಗದವರು ಗೆಣಸು, ಕಡಲೆಕಾಯಿಗಳ ಮಡಿಗೆ ಮಾತ್ರ ಬಲೆ ಹಾಕಲಿ. ಎಳೆಯ ತೆಂಗಿನ ಬುಡಕ್ಕೆ ತಗಡನ್ನು ಸುತ್ತಿದರೆ ಮುಳ್ಳುಹಂದಿಯ ಹಲ್ಲು ತಾಕದು. ಹಸುರುಬೇಲಿ ಬೇಕೆನ್ನುವವರು ಕತ್ತಾಳೆ, ಕಳ್ಳಿ, ಸೀಗೆಗಳ ಜೊತೆಗೆ ಕವಳೆಯ ಗಿಡವನ್ನು ಒತ್ತಾಗಿ ನೆಡಲಿ. ಮುಳ್ಳಿಗೆ ಮುಳ್ಳೂ ಆಯಿತು, ಉಪ್ಪಿನಕಾಯಿಗೆ ಕಾಯಿಯೂ ಆಯಿತು. ಲಂಟಾನವನ್ನು ಮಾತ್ರ ಬೆಳೆಯಗೊಡಬಾರದು. ಅದರ ಪೊದೆಯೇ ಹಂದಿಗೆ ಅಡಗುದಾಣವಾಗುವುದು.

ನಮ್ಮ ರೈತರು ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟುವುದನ್ನು ಎಲ್ಲರೂ ನೋಡಿರಬಹುದು. ಗಾಳಿಗೆ ಆಡುವ ಬಟ್ಟೆಯೂ, ಮನುಷ್ಯನ ವಾಸನೆಯೂ ಹಂದಿಯನ್ನು ಕೆಲವು ದಿವಸ ಹಿಂಜರಿಸುವುವು. ಬೆದರುಬೊಂಬೆ, ಡಬ್ಬದ ಸದ್ದು, ಮಿನುಗುವ ಕಾಗದದ ಪಟ್ಟಿ, ಇವೆಲ್ಲವೂ ಹಾಗೆಯೆ. ಒಂದೇ ಬೊಂಬೆ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಅದರ ತಲೆಯ ಮೇಲೆಯೇ ಗಿಳಿ ಕೂರುವುದು. ಹಣ್ಣು ಮಾಗುವ ಎರಡು ಮೂರು ವಾರಗಳಲ್ಲಿ ಮಾತ್ರ ಇವನ್ನು ಹೊರತೆಗೆದು, ಎರಡು ದಿನಕ್ಕೊಮ್ಮೆ ಜಾಗವನ್ನೂ ವೇಷವನ್ನೂ ಬದಲಾಯಿಸುತ್ತಿದ್ದರೆ ಪ್ರಯೋಜನವುಂಟು. ಸಸಿಯ ಮಡಿಗೆ ಮಕ್ಕರಿ ಬೋರಲು ಹಾಕಿದರೆ ಅಥವಾ ಜಾಲಿಮುಳ್ಳಿನ ರೆಂಬೆ ಹರಡಿದರೆ ನವಿಲಿನಿಂದ ಉಳಿಯುವುದು.

ಇಲಿಗಳಿಗಾಗಿ ವಿಷವಿಡುವುದು ಹಿತ್ತಿಲಲ್ಲಿ ತರವಲ್ಲ. ವಿಷ ತಿಂದ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದು ಸಾಯಬಹುದು. ಇಲಿಯನ್ನು ಹಿಡಿಯುವ ನಂಟರನ್ನು ಕೊಂದ ಮೇಲೆ ಇಲಿಯ ಸಂತತಿಗೆ ತಡೆಯೇ ಇರದು. ಕೇರೆಹಾವನ್ನು ಕಂಡು ಕೋಲು ಹುಡುಕುವ ವಾಡಿಕೆಯನ್ನೂ ಬಿಡಬೇಕು. ಅದಕ್ಕೆ ವಿಷವಿಲ್ಲ, ಇಲಿಯೇ ಅದರ ಆಹಾರ. ತೆಂಗಿನ ಮರಕ್ಕೆ ನೆಲದಿಂದ ಆರೂವರೆ ಅಡಿ ಎತ್ತರದಲ್ಲಿ ಹದಿನಾರು ಅಂಗುಲ ಅಗಲದ ನುಣುಪಾದ ತಗಡಿನ ಪಟ್ಟಿಯನ್ನು ಸುತ್ತಿದರೆ ಇಲಿ ಅದರ ಮೇಲೆ ಹತ್ತಲಾರದು. ಪಕ್ಕದ ಮರದ ಗರಿ ತಾಕುವಂತಿದ್ದರೆ ಮಾತ್ರ ಈ ಉಪಾಯ ಸಾಗದು.

ಇನ್ನು ನಮ್ಮ ವಾಚಕಿಯ ಪ್ರಶ್ನೆಗೆ ಬರುವೆವು. ಮನೆಯ ವಿದ್ಯುತ್ತಿನ ಒತ್ತಡ 230 ವೋಲ್ಟು. ಅದನ್ನು ಬೇಲಿಗೆ ಕೊಟ್ಟಾಗ ಅದು ಎಡೆಬಿಡದೆ ಹರಿಯುತ್ತಲೇ ಇರುವುದು. ಮುಟ್ಟಿದವರ ಕೈಯ ಮಾಂಸಖಂಡಗಳು ಸೆಟೆದುಕೊಂಡು, ತಂತಿಯನ್ನು ಬಿಡಬೇಕೆಂದರೂ ಬಿಡಲಾಗದು. ನೀರು ಹಾಯಿಸಿದ ನೆಲ, ಬರಿಗಾಲು, ಕತ್ತಲೆ, ಈ ಮೂರೂ ಕೂಡಿದ ಮೇಲೆ ಹೇಳತಕ್ಕದ್ದೇನು? ಆ ತಂತಿಗೆ ಹಂದಿ ಯಾವುದು, ಮನುಷ್ಯ ಯಾರು ಎಂಬ ಭೇದ ತಿಳಿಯದು. ಕತ್ತಲಲ್ಲಿ ಹಸುವನ್ನು ಹುಡುಕಿಕೊಂಡು ಬಂದ ನೆರೆಯವರು, ಚೆಂಡು ತರಲು ನುಸುಳಿದ ಹುಡುಗ, ಗುಂಡಿಯನ್ನು ಆರಿಸಲು ಮರೆತು ಬೆಳಗ್ಗೆ ಹೂ ಬಿಡಿಸಲು ಹೋದ ಮನೆಯ ಸೊಸೆ, ಯಾರು ಬೇಕಾದರೂ ಅದಕ್ಕೆ ಬಲಿಯಾಗಬಹುದು. ಹಾಕಿದವರೇ ಅದಕ್ಕೆ ತುತ್ತಾದ ಸುದ್ದಿಗಳನ್ನು ವರ್ತಮಾನ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತಿರುವೆವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಕ್ರೂರವಾದ ನಿದರ್ಶನವಿಲ್ಲ. ಸಾವು ಸಂಭವಿಸಿದರೆ ಮನೆಯ ಯಜಮಾನನು ಸೆರೆಮನೆಯನ್ನು ಕಾಣಬೇಕಾಗುವುದು. ಪ್ರಾಣಿ ಸತ್ತರೂ ಅಪರಾಧವೆ. ಒಂದು ಬುಟ್ಟಿ ಅಂಜೂರಕ್ಕೆ ಇಷ್ಟು ಬೆಲೆಯೆ?

ಸೌರಶಕ್ತಿಯ ಬೇಲಿಯೆಂದು ಮಾರುವ ಉಪಕರಣವು ಬೇರೆ. ಅದರಲ್ಲಿ ಬ್ಯಾಟರಿಯಿಂದ ನಡೆಯುವ ಯಂತ್ರವೊಂದು ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಮಿಡಿತವನ್ನು ಕಳುಹಿಸುವುದು. ಪೆಟ್ಟು ಜೋರಾಗಿ ತಾಕಿದರೂ, ಎರಡು ಮಿಡಿತಗಳ ನಡುವೆ ಕೈ ಬಿಡಿಸಿಕೊಳ್ಳಲು ಅವಕಾಶವಿರುವುದು. ಅದನ್ನು ಸಹ ಪ್ರಮಾಣಿತ ಯಂತ್ರದಿಂದ, ತಿಳಿದವರ ಕೈಯಿಂದ, ಎಚ್ಚರಿಕೆಯ ಫಲಕಗಳೊಡನೆ ಹಾಕಿಸಬೇಕು. ಐದಾರು ಗುಂಟೆಯ ಹಿತ್ತಿಲಿಗೆ, ಮಕ್ಕಳು ಆಡುವ ಜಾಗಕ್ಕೆ, ಅದೂ ಬೇಡವೆಂದೇ ನಮ್ಮ ಅಭಿಪ್ರಾಯ. ಹಂದಿಗೆಂದು ಉರುಳು ಒಡ್ಡುವುದೂ, ಸಿಡಿಮದ್ದು ಇಡುವುದೂ ಇದೇ ಜಾತಿಗೆ ಸೇರಿದ ಪಾಪಗಳು. ಹಂದಿಯ ಉರುಳಿಗೆ ಚಿರತೆ ಸಿಕ್ಕಿ ನರಳುವುದುಂಟು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ಅಡಗಿಸಿದ ತಿನಿಸನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟುದನ್ನು ದೇಶವೇ ಮರುಗಿ ನೋಡಿತು.

ಆದುದರಿಂದ ವಾಚಕಿಯು ತಮ್ಮ ಯಜಮಾನರಿಗೂ ಪಕ್ಕದ ತೋಟದವರಿಗೂ ಈ ಪುಟವನ್ನು ಓದಿ ಹೇಳಲಿ. ಕೋತಿಗೆ ಒಂದು ಮನೆಯವರು ಬಾಗಿಲು ಮುಚ್ಚಿ ಮತ್ತೊಂದು ಮನೆಯವರು ಬಾಳೆಹಣ್ಣು ಕೊಟ್ಟರೆ ಪ್ರಯೋಜನವಿಲ್ಲ. ಬೀದಿಯ ಹತ್ತು ಮನೆಯವರು ಕೂಡಿ ಎಂಜಲನ್ನು ಬಯಲಿಗೆ ಹಾಕದಿರುವ ಕಟ್ಟಳೆ ಮಾಡಿಕೊಳ್ಳಲಿ. ಹಣ್ಣಿನ ದಿನಗಳಲ್ಲಿ ಸರದಿಯ ಮೇಲೆ ಕಾವಲಿರಲಿ. ಹಿಂಡಿನ ಕಾಟ ಮಿತಿಮೀರಿದರೆ ಒಟ್ಟಾಗಿ ಅರಣ್ಯ ಇಲಾಖೆಗೆ ಅರ್ಜಿ ಕೊಡಲಿ. ಒಬ್ಬರ ಮಾತಿಗಿಂತ ಹತ್ತು ಜನರ ಸಹಿಗೆ ಹೆಚ್ಚು ಬೆಲೆ. ಊರಿನ ಸಾರ್ವಜನಿಕ ನೆಲದಲ್ಲಿ, ಮನೆಗಳಿಂದ ದೂರವಾಗಿ, ಅತ್ತಿ, ಆಲ, ನೇರಳೆಗಳ ನಾಲ್ಕು ಸಸಿಗಳನ್ನು ನೆಡುವುದನ್ನೂ ಮರೆಯದಿರಲಿ. ಅವು ಫಲಿಸುವುದಕ್ಕೆ ಹಲವು ವರ್ಷ ಹಿಡಿಯುವುದು ನಿಜ. ಆದರೆ ನಮ್ಮ ಹಿರಿಯರು ಸಾಲುಮರಗಳನ್ನು ನೆಟ್ಟುದು ತಮ್ಮ ನೆರಳಿಗಾಗಿ ಅಲ್ಲವಷ್ಟೆ.

ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ಹಣ್ಣು ಮನೆಗೆ ಬರುವುದೆಂದು ನಾವು ಮಾತು ಕೊಡಲಾರೆವು. ಹಕ್ಕಿಗೊಂದು, ಅಳಿಲಿಗೊಂದು ಹೋಗಿಯೇ ಹೋಗುವುದು. ನದಿಯ ನಡುವಣ ದ್ವೀಪದಲ್ಲಿ, ಪಕ್ಷಿಧಾಮದ ಮಗ್ಗುಲಲ್ಲಿ ಮನೆ ಮಾಡಿದವರು ಅಷ್ಟನ್ನು ನೆರೆಹೊರೆಯ ಪಾಲೆಂದು ಬಿಟ್ಟುಕೊಡುವುದು ದೊಡ್ಡ ಮಾತಲ್ಲ. ತಮ್ಮ ಪಾಲನ್ನು ಉಳಿಸಿಕೊಳ್ಳುವುದಕ್ಕೆ ಚೀಲ, ತಗಡು, ಕಲ್ಲು, ಮುಳ್ಳು ಮತ್ತು ಎಚ್ಚರ ಸಾಕು. ಮುಂದಿನ ಸಂಚಿಕೆಯಲ್ಲಿ ಅಂಜೂರದ ಗಿಡವನ್ನು ಸವರುವ ಕಾಲ ಮತ್ತು ಕ್ರಮಗಳನ್ನು ಕುರಿತು ಬರೆಯುವೆವು. ಚೀಲ ಕಟ್ಟಿ ನೋಡಿದವರು ತಮಗೆ ದಕ್ಕಿದ ಹಣ್ಣಿನ ಲೆಕ್ಕವನ್ನು ನಮಗೆ ಬರೆದು ತಿಳಿಸಿದರೆ ಉಪಕಾರವಾಗುವುದು.